ಸಂಪಾದಕೀಯ: ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತ ಕನ್ನಡದ ಪಾಠ



ಕಳೆದ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ನನ್ನ ಕೊನೆಯ ನಾದಿನಿಯ ಫೋನ್ ಬಂತು. "ಭಾವ, ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಕು. ಮನೆ ಹತ್ರದ ಸರ್ಕಾರಿ ಶಾಲೆ ಚೆನ್ನಾಗಿದೆ, ಮೇಷ್ಟ್ರೂ ಒಳ್ಳೆಯವರು. ಆದ್ರೆ ಕನ್ನಡ ಮೀಡಿಯಮ್ಮು. ನಮ್ಮನೆಯವರು ಕಾನ್ವೆಂಟಿಗೆ ಹಾಕೋಣ ಅಂತಾರೆ. ನೀವು ಕನ್ನಡದ ಬಗ್ಗೆ ಅಷ್ಟೆಲ್ಲ ಬರೀತೀರಲ್ಲ, ನೀವೇ ಹೇಳಿ, ಏನ್ ಮಾಡ್ಲಿ?"

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ಒಂದೇ ನಿಮಿಷದಲ್ಲಿ ಉತ್ತರ ಹೇಳಿ ಫೋನ್ ಇಡುತ್ತಿದ್ದೆ. ಮಾತೃಭಾಷೆಯಲ್ಲಿ ಕಲಿತ ಮಗು ವಿಷಯವನ್ನು ಚೆನ್ನಾಗಿ ಗ್ರಹಿಸುತ್ತದೆ, ಸೇರಿಸಮ್ಮ ಕನ್ನಡ ಶಾಲೆಗೆ, ಎಂದು. ಈಗಲೂ ನನ್ನ ನಂಬಿಕೆ ಅದೇ. ಆದರೆ ಆ ಬೆಳಿಗ್ಗೆ ನನಗೆ ಬಾಯಿ ಬರಲಿಲ್ಲ. ಫೋನನ್ನು ಮನೆಯಾಕೆಯ ಕೈಗೆ ಕೊಟ್ಟೆ. ಯಾಕೆ ಕೊಟ್ಟೆ ಎಂಬುದೇ ಈ ಸಂಚಿಕೆಯ ಸಂಪಾದಕೀಯ.

ಮೊದಲು ಒಂದು ತಪ್ಪೊಪ್ಪಿಗೆ. ಕನ್ನಡ ಮಾಧ್ಯಮದ ಪರವಾಗಿ ಈ ಪುಟಗಳಲ್ಲಿ ಇಷ್ಟೆಲ್ಲ ಬರೆದಿರುವ ನಾನು ಓದಿದ್ದು ಎಲ್‌ಕೆಜಿಯಿಂದ ಇಂಜಿನಿಯರಿಂಗ್‌ವರೆಗೂ ಇಂಗ್ಲಿಷಿನಲ್ಲೇ, ಬೆಂಗಳೂರಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವಳು ನನ್ನ ಹೆಂಡತಿ. ತಿಪಟೂರು ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರು ಮಾಡಿ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎಂಬತ್ತರ ಮೇಲೆ ತೆಗೆದವಳು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ ಬದಲಾಯಿಸು ಎಂದರೆ ಕಣ್ಣು ಮುಚ್ಚಿಕೊಂಡು ಬದಲಾಯಿಸುತ್ತಿದ್ದಳು. 2003ರಲ್ಲಿ ನಾನು ಸಾಫ್ಟ್‌ವೇರ್ ಕೆಲಸಕ್ಕೆಂದು ಸ್ಯಾನ್ ಡಿಯಾಗೋಗೆ ಬಂದಾಗ ಎಚ್-4 ವೀಸಾದಲ್ಲಿ ಜೊತೆಗೆ ಬಂದಳು. ಆಗ ಎಚ್-4 ವೀಸಾದವರು ಕೆಲಸ ಮಾಡುವಂತಿರಲಿಲ್ಲ. ಅವರಲ್ಲಿ ಕೆಲವರಿಗೆ ಆ ಅವಕಾಶ ಸಿಕ್ಕಿದ್ದೇ 2015ರಲ್ಲಿ. ಹಾಗಾಗಿ ಮೀರಾ ಮೇಸಾದ ಅಪಾರ್ಟ್‌ಮೆಂಟಿನಲ್ಲಿ ಇಡೀ ದಿನ ಅವಳು ಮತ್ತು ಮಗು. ಫೋನ್ ಹೊಡೆದುಕೊಂಡರೆ ಎತ್ತುತ್ತಿರಲಿಲ್ಲ. ಮೆಷಿನ್ನಿಗೆ ಹೋಗಲಿ ಎಂದು ಬಿಡುತ್ತಿದ್ದಳು. ನಾನು ಅದನ್ನು ನಾಚಿಕೆ ಸ್ವಭಾವ ಎಂದುಕೊಂಡಿದ್ದೆ!

2005ರ ನವೆಂಬರಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡಿದರು. ನನ್ನದೂ ಒಂದು ಭಾಷಣ. 1982ರ ಗೋಕಾಕ್ ಚಳುವಳಿ, ರಾಜ್‌ಕುಮಾರ್ ಬೀದಿಗಿಳಿದದ್ದು, ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿರಬೇಕೆಂದು 1994ರಲ್ಲಿ ಸರ್ಕಾರ ಹೊರಡಿಸಿದ ಆದೇಶ, ಎಲ್ಲವನ್ನೂ ಹೇಳಿದೆ. ಜೋರು ಚಪ್ಪಾಳೆ. ಹೊರಡುವಾಗ ಆರ್ಟೀಸಿಯಾದ ಪಯೋನಿಯರ್ ಬೂಲವಾರ್ಡಿನಲ್ಲಿ ಅಕ್ಕಿ, ಹುರಿಗಡಲೆ ಕಟ್ಟಿಸಿಕೊಂಡು ಐ-5 ಹಿಡಿದು ಮನೆ ಕಡೆ ಹೊರಟೆವು. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಕ್ಯಾಂಪ್ ಪೆಂಡಲ್ಟನ್ ಮಿಲಿಟರಿ ಜಾಗ. ಬಲಕ್ಕೆ ಸಮುದ್ರ, ಎಡಕ್ಕೆ ಗುಡ್ಡ, ರಾತ್ರಿಯಾದರೆ ಪೂರಾ ಕತ್ತಲು. ಮಗು ಹಿಂದೆ ಮಲಗಿತ್ತು. ಅಲ್ಲಿ ಅವಳು ಮಾತು ತೆಗೆದಳು.

"ರೀ, ಭಾಷಣ ಚೆನ್ನಾಗಿತ್ತು. ಆದ್ರೆ ಕನ್ನಡ ಮೀಡಿಯಮ್ಮಲ್ಲಿ ಓದಿರೋಳು ನಾನು, ನೀವಲ್ಲ. ಮೊನ್ನೆ ಮಗೂಗೆ ಜ್ವರ ಬಂದಾಗ ನೀವು ಮೀಟಿಂಗಲ್ಲಿದ್ರಿ. ನಾನೇ ನರ್ಸ್ ಲೈನಿಗೆ ಫೋನ್ ಮಾಡ್ದೆ. ಎಷ್ಟು ಹೊತ್ತಿಂದ ಜ್ವರ ಇದೆ ಅಂತ ಆಯಮ್ಮ ಕೇಳ್ತಿದ್ದಾಳೆ ಅಂತ ಅರ್ಥ ಆಯ್ತು. ಹೇಳೋಕೆ ಬಾಯಿ ಬರ್ಲಿಲ್ಲ. ಫೋನ್ ಇಟ್ಬಿಟ್ಟೆ."

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಗ್ತೀರ ಅಂತ."

ಗೆಳೆಯರೇ, ಸ್ಟಿಯರಿಂಗ್ ಹಿಡಿದ ಕೈ ತಣ್ಣಗಾಯಿತು. ಯಾಕೆಂದರೆ ನಾನು ನಕ್ಕಿದ್ದೆ. ಅದಕ್ಕೆ ಕೆಲವು ವಾರಗಳ ಹಿಂದೆ ಸ್ನೇಹಿತರ ಮನೆಯಲ್ಲಿ ಯಾರನ್ನೋ ಅವಳು "ನೀವು ಮನೆಗೆ ಎಷ್ಟನೇ ಮಗ" ಎಂದು ಇಂಗ್ಲಿಷಿನಲ್ಲಿ ಕೇಳಲು ಹೋಗಿ "ಹೌ ಮೆನಿಯೆತ್ ಸನ್" ಎಂದಿದ್ದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆಮೇಲೆ ಯೋಚಿಸಿ ನೋಡಿದರೆ, "ಎಷ್ಟನೇ" ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದು ನೇರವಾದ ಪದವೇ ಇಲ್ಲ. ಕನ್ನಡದಲ್ಲಿ ಇರುವ ಒಂದು ಸೊಗಸಾದ ಪ್ರಶ್ನೆ ಇಂಗ್ಲಿಷಿನಲ್ಲಿ ಇಲ್ಲದ್ದಕ್ಕೆ ಅವಮಾನ ಆದದ್ದು ಅವಳಿಗೆ. ಕನ್ನಡಪರ ಹೋರಾಟಗಾರನ ಮನೆಯೊಳಗಿನ ಕಥೆ ಇದು!

ಮುಂದಿನ ಜನವರಿಯಲ್ಲಿ ಅವಳು ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಈ ತರಗತಿಗಳ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಹೊಸದಾಗಿ ಬಂದ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ವಲಸೆ ಬಂದ ವಯಸ್ಕರಿಗೆ ಇಂಗ್ಲಿಷ್ ಕಲಿಸುವುದು ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಪದ್ಧತಿ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ 1856ರಲ್ಲೇ ಇಂಥ ಸಂಜೆ ಶಾಲೆ ಶುರುವಾಯಿತು. ಸ್ಯಾನ್ ಡಿಯಾಗೋದ ವಯಸ್ಕರ ಶಿಕ್ಷಣದ ಚರಿತ್ರೆ 1914ರಿಂದ ಆರಂಭವಾಗುತ್ತದೆ. ಇವತ್ತು ಅದರ ಹೆಸರು ಸ್ಯಾನ್ ಡಿಯಾಗೋ ಕಾಲೇಜ್ ಆಫ್ ಕಂಟಿನ್ಯೂಯಿಂಗ್ ಎಜುಕೇಶನ್. ಅಲ್ಲಿ ಇಂಗ್ಲಿಷ್ ತರಗತಿಗೆ ಶುಲ್ಕವಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಅಲ್ಲಿನ ಶಾಲಾ ಜಿಲ್ಲೆಯೇ ವಯಸ್ಕರ ಶಾಲೆಗಳನ್ನು ನಡೆಸುತ್ತದೆ. ಡೌನ್‌ಟೌನ್ ಪಕ್ಕದ ಇವಾನ್ಸ್ ಶಾಲೆ ಇಂಗ್ಲಿಷ್ ಕಲಿಯುವವರಿಂದಲೇ ಹೆಸರಾದದ್ದು. ಆರ್ಟೀಸಿಯಾ ಪಕ್ಕದ ಸೆರಿಟೋಸ್‌ನಲ್ಲಿ ಎಬಿಸಿ ಅಡಲ್ಟ್ ಸ್ಕೂಲ್ ಇದೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರನ್ನು ಸೇರಿಸುವ ಮುನ್ನ ವೀಸಾ ನಿಯಮ ನೋಡಿಕೊಳ್ಳಬೇಕು. ಅವರಿಗೆ ಊರಿನ ಲೈಬ್ರರಿಗಳಲ್ಲಿ ನಡೆಯುವ ಮಾತುಕತೆಯ ಗುಂಪುಗಳು ಒಳ್ಳೆಯದು.

ಮೊದಲ ದಿನ ಒಂದು ಚಿಕ್ಕ ಪರೀಕ್ಷೆ ಮಾಡಿ ಯಾವ ಹಂತಕ್ಕೆ ಸೇರಿಸಬೇಕೆಂದು ನಿರ್ಧರಿಸಿದರು. ಪುಸ್ತಕದ ವ್ಯಾಕರಣದಲ್ಲಿ ಮೇಲಿನ ಹಂತ, ಮಾತಿನಲ್ಲಿ ತೀರಾ ಕೆಳಗಿನ ಹಂತ. ಹತ್ತಾರು ವರ್ಷ ಪಾಠ ಕೇಳಿ ಒಂದು ದಿನವೂ ಮಾತಾಡದವರ ಲೆಕ್ಕವೇ ಅದು! ಒಂದು ಸಂಜೆ ಅವಳನ್ನು ಬಿಡಲು ಹೋದವನು ಟೀಚರ್ ಒಪ್ಪಿದ್ದರಿಂದ ಹಿಂದಿನ ಬೆಂಚಿನಲ್ಲಿ ಕೂತೆ. ಮೆಕ್ಸಿಕೋದ ಒಬ್ಬ ಅಜ್ಜಿ, ವಿಯೆಟ್ನಾಮಿನ ಗಂಡ ಹೆಂಡತಿ, ಸೊಮಾಲಿಯಾದ ಇಬ್ಬರು ಹುಡುಗಿಯರು, ಇರಾನಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಒಬ್ಬರು, ತಿಪಟೂರಿನ ನನ್ನಾಕೆ. ಅವತ್ತಿನ ಪಾಠ ಡಾಕ್ಟರ ಬಳಿ ಮಾತಾಡುವುದು. ಟೀಚರ್ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. "ಹೌ ಲಾಂಗ್ ಹ್ಯಾವ್ ಯೂ ಹ್ಯಾಡ್ ದ ಫೀವರ್?"

ಅದೇ ಪ್ರಶ್ನೆ! ನರ್ಸ್ ಕೇಳಿದ್ದು, ಉತ್ತರ ಹೊಳೆಯದೆ ಫೋನ್ ಇಟ್ಟದ್ದು. ಅವಳು ಒಮ್ಮೆ ತಿರುಗಿ ನನ್ನ ಮುಖ ನೋಡಿದಳು.

ಆಮೇಲೆ ಟೀಚರ್ ಬಿಡಿಸಿ ಹೇಳಿದರು. ಯಾವಾಗ ಶುರುವಾಯಿತು ಎಂದು ಹೇಳುವುದಾದರೆ "ಸಿನ್ಸ್". ಸಿನ್ಸ್ ಲಾಸ್ಟ್ ನೈಟ್, ಸಿನ್ಸ್ ಮಂಡೇ. ಎಷ್ಟು ಕಾಲ ಎಂದು ಹೇಳುವುದಾದರೆ "ಫಾರ್". ಫಾರ್ ಟೂ ಡೇಸ್. ಕನ್ನಡದಲ್ಲಿ ನೋಡಿ, "ನಿನ್ನೆಯಿಂದ" ಎನ್ನುತ್ತೇವೆ, "ಎರಡು ದಿನದಿಂದ" ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ "ಇಂದ". ಅದಕ್ಕೇ ನಾವು "ಸಿನ್ಸ್ ಟೂ ಡೇಸ್" ಎನ್ನುವುದು. ಜೊತೆಗೆ ಕನ್ನಡದಲ್ಲಿ "ಎರಡು ದಿನದಿಂದ ಜ್ವರ ಇದೆ" ಎಂದು ವರ್ತಮಾನದಲ್ಲಿ ಹೇಳಿದರೆ ಸಾಕು. ಇಂಗ್ಲಿಷಿನವರು ಅಲ್ಲಿ "ಹ್ಯಾವ್ ಹ್ಯಾಡ್" ಎಂದು ಬೇರೆಯೇ ರೂಪ ಬಳಸುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಬೆವರು ಬಂತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಹದಿನೆಂಟು ವರ್ಷ ಓದಿದ ನಾನೂ ಆಫೀಸಿನಲ್ಲಿ ದಿನಾ "ಐ ಆ್ಯಮ್ ವೇಟಿಂಗ್ ಸಿನ್ಸ್ ಟೂ ಡೇಸ್" ಎಂದೇ ಮೇಲ್ ಬರೆಯುತ್ತಿದ್ದೆ. ನಗುವವರು ಯಾರೂ ಇರಲಿಲ್ಲ, ಅಷ್ಟೇ.

ಆ ಟೀಚರ್ ಹೇಳಿದ ಇನ್ನೊಂದು ಮಾತು ನನಗೆ ದೊಡ್ಡ ಪಾಠವಾಯಿತು. ತಪ್ಪು ಕೇಳಿದರೆ ಸಾಕು, ಮಾತಾಡುವವರ ಮನೆಮಾತು ಯಾವುದೆಂದು ಊಹಿಸಬಲ್ಲೆ ಎಂದರು. ಸ್ಪ್ಯಾನಿಷ್ ಮನೆಮಾತಿನವರು ಕರ್ತೃಪದ ಬಿಟ್ಟು "ಈಸ್ ರೇನಿಂಗ್" ಎನ್ನುತ್ತಾರಂತೆ. ಅವರ ಭಾಷೆಯಲ್ಲಿ ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. ವಿಯೆಟ್ನಾಮಿನವರು ಭೂತಕಾಲದ ಪ್ರತ್ಯಯ ನುಂಗುತ್ತಾರೆ. ಅವರ ಭಾಷೆಯಲ್ಲಿ ಕ್ರಿಯಾಪದ ರೂಪ ಬದಲಿಸುವುದೇ ಇಲ್ಲ. ನಾವು "ಎ", "ದ" ಬಿಡುತ್ತೇವೆ, ಬೇಡದ ಕಡೆ ಹಾಕುತ್ತೇವೆ. ಕನ್ನಡದಲ್ಲಿ ಅವುಗಳ ಅಗತ್ಯವಿಲ್ಲ. ಅಂದರೆ ಒಂದು ತಪ್ಪು ಎಂದರೆ ದಡ್ಡತನವಲ್ಲ, ಆ ಮನುಷ್ಯನಿಗೆ ಇನ್ನೊಂದು ಭಾಷೆ ಪೂರ್ತಿಯಾಗಿ ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ. ನಮ್ಮ ಶಾಲೆಗಳಲ್ಲಿ ಯಾವ ಮೇಷ್ಟ್ರಾದರೂ ಹೀಗೆ ಹೇಳಿದ್ದು ನಿಮಗೆ ನೆನಪಿದೆಯೇ? ನನಗಿಲ್ಲ.

ಅವಳ ನೋಟ್‌ಬುಕ್ ಈಗಲೂ ನಮ್ಮಲ್ಲಿದೆ. ಪ್ರತಿ ಪುಟದಲ್ಲಿ ಮೂರು ಕಾಲಮ್ಮು. ನಡುವೆ ಕನ್ನಡ, ಎಡಕ್ಕೆ ಊರಿನ ಶಾಲೆಯ ಇಂಗ್ಲಿಷ್, ಬಲಕ್ಕೆ ಅಮೆರಿಕದ್ದು. ಬದನೆಕಾಯಿ: ಬ್ರಿಂಜಾಲ್, ಎಗ್‌ಪ್ಲಾಂಟ್. ಬೆಂಡೆಕಾಯಿ: ಲೇಡೀಸ್ ಫಿಂಗರ್, ಓಕ್ರಾ. ಕೊತ್ತಂಬರಿ ಸೊಪ್ಪು: ಕೊರಿಯಾಂಡರ್, ಸಿಲಾಂಟ್ರೋ. ನಲ್ಲಿ: ಟ್ಯಾಪ್, ಫಾಸೆಟ್. ಹೋಟೆಲಿನ ಬಿಲ್ಲು ಇಲ್ಲಿ ಚೆಕ್ಕು, ಟಾರ್ಚು ಫ್ಲ್ಯಾಶ್‌ಲೈಟು, ಕ್ಯೂ ಎಂದರೆ ಲೈನು. ಆಮೇಲೆ ಕನ್ನಡದ ಕಾಲಮ್ ಖಾಲಿ ಬಿಟ್ಟ ಪದಗಳ ಒಂದು ಪುಟ: ಕೋಪೇ, ಡಿಡಕ್ಟಿಬಲ್, ರೀಫಿಲ್. ಅವುಗಳ ಎದುರು ಅರ್ಥವನ್ನು ವಾಕ್ಯದಲ್ಲಿ ಬರೆದುಕೊಂಡಿದ್ದಾಳೆ. "ಡಾಕ್ಟರ ಹತ್ತಿರ ಹೋದಾಗಲೆಲ್ಲ ನಾವು ಕೈಯಿಂದ ಕೊಡಬೇಕಾದ ದುಡ್ಡು" ಎಂದು.

ಇನ್ನೊಂದು ಪುಟವಂತೂ ನನಗೆ ಬಹಳ ಇಷ್ಟ. ಇಂಗ್ಲಿಷಿನ "ಗಿವ್ ಅಪ್", "ಪುಟ್ ಆಫ್", "ರನ್ ಔಟ್" ಇಂಥವು ಯಾವ ದೇಶದವರನ್ನೂ ಅಳಿಸುತ್ತವೆ. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ, ಎರಡೂ ಸೇರಿದರೆ ಕೈಬಿಡು! ಅವಳು ಪಕ್ಕದಲ್ಲಿ ಬರೆದುಕೊಂಡದ್ದು: "ಹೇಳಿಬಿಡು ಎನ್ನುವಾಗ ಏನನ್ನು ಬಿಡುತ್ತೇವೆ? ನೋಡಿಕೋ ಎನ್ನುವಾಗ ಏನನ್ನು ಕೊಳ್ಳುತ್ತೇವೆ? ಇದೂ ಹಾಗೇ." ಅಲ್ಲಿಗೆ ಅವಳ ಮಟ್ಟಿಗೆ ಸಮಸ್ಯೆ ಮುಗಿಯಿತು. ವಿಭಕ್ತಿ ಪ್ರತ್ಯಯ ಗೊತ್ತಿದ್ದವಳಿಗೆ "ಇನ್", "ಆನ್", "ಆ್ಯಟ್" ಎಂದರೆ ಪದದ ಹಿಂದೆ ಬರಬೇಕಾದದ್ದು ಮುಂದೆ ಬಂದಿದೆ ಎಂದು ತಕ್ಷಣ ಹೊಳೆಯಿತು. ಹಳ್ಳಿ ಶಾಲೆಯ ಕನ್ನಡ ಮೇಷ್ಟ್ರು ಗಟ್ಟಿಯಾಗಿ ಕಲಿಸಿದ್ದ ಕರ್ತೃ, ಕರ್ಮ, ಕ್ರಿಯಾಪದಗಳೇ ಸ್ಯಾನ್ ಡಿಯಾಗೋದಲ್ಲಿ ಅವಳ ಕೈ ಹಿಡಿದವು. ನನ್ನ ಭಾಷಣದ ಮಾತು ಸುಳ್ಳಾಗಿರಲಿಲ್ಲ, ಅರ್ಧ ಮಾತ್ರ ಆಗಿತ್ತು. ತನ್ನ ನುಡಿಯಲ್ಲಿ ಗಟ್ಟಿಯಾಗಿ ನಿಂತವರು ಇನ್ನೊಂದು ನುಡಿಯನ್ನು ಕಲಿಯಬಲ್ಲರು, ನಿಜ. ಆದರೆ ಯಾರಾದರೂ ಕಲಿಸಿದರೆ!

ಹತ್ತು ತಿಂಗಳಾಗುವ ಹೊತ್ತಿಗೆ ಮನೆಯ ಫೋನನ್ನು ಅವಳೇ ಎತ್ತುತ್ತಿದ್ದಳು. ಮುಂದೆ ಮಗನ ಶಾಲೆಯ ಮೀಟಿಂಗುಗಳಿಗೆ ಒಬ್ಬಳೇ ಹೋದಳು. ಗ್ರೀನ್ ಕಾರ್ಡ್ ಬಂದ ಮೇಲೆ ಶಾಲೆಯೊಂದರಲ್ಲಿ ಸಹಾಯಕಿಯ ಕೆಲಸಕ್ಕೆ ಸೇರಿದಳು. ಇಷ್ಟರಲ್ಲಿ ಅವಳ ಕನ್ನಡ ಒಂದಿಷ್ಟೂ ಕಡಿಮೆಯಾಗಲಿಲ್ಲ. ಶನಿವಾರ ನಮ್ಮ ಮಕ್ಕಳಿಗೆ ಅವಳು ಕನ್ನಡ ಕಲಿಸುವುದೂ ಅದೇ ಟೀಚರ್ ದಾರಿಯಲ್ಲೇ. ಮೊದಲು "ಅಜ್ಜಿ ಜೊತೆ ಫೋನಲ್ಲಿ ಮಾತಾಡೋದು", ಆಮೇಲೆ ಅ ಆ ಇ ಈ.

ಒಂದು ಕುಟುಂಬದ ಈ ಕಥೆಯನ್ನು ಸಂಪಾದಕೀಯದಲ್ಲಿ ಯಾಕೆ ಹೇಳುತ್ತಿದ್ದೇನೆ? ಯಾಕೆಂದರೆ ಇದೇ ಪ್ರಶ್ನೆಯ ಮೇಲೆ ಕ್ಯಾಲಿಫೋರ್ನಿಯಾ ಇಡೀ ರಾಜ್ಯವಾಗಿ ಜಗಳವಾಡಿದೆ, ಎಡವಿದೆ, ತಿದ್ದಿಕೊಂಡಿದೆ. ಆ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಪಾಠವಿದೆ.

ಸ್ಯಾನ್ ಡಿಯಾಗೋ ಪಕ್ಕದ ಲೆಮನ್ ಗ್ರೋವ್‌ನಿಂದ ಶುರು ಮಾಡೋಣ. 1931ರ ಜನವರಿಯಲ್ಲಿ ಅಲ್ಲಿನ ಶಾಲೆಯ ಬಾಗಿಲಲ್ಲಿ ನಿಂತ ಮುಖ್ಯೋಪಾಧ್ಯಾಯರು ಮೆಕ್ಸಿಕನ್ ಮೂಲದ ಸುಮಾರು 75 ಮಕ್ಕಳನ್ನು ಒಳಗೆ ಬಿಡಲಿಲ್ಲ. ಅವರಿಗೆಂದೇ ಬೇರೆ ಕಟ್ಟಡ ತಯಾರಾಗಿತ್ತು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಇವರಿಗೆ ಇಂಗ್ಲಿಷ್ ಸಾಲದು ಎಂಬುದು. ಆ ಮಕ್ಕಳಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಹುಟ್ಟಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು. ತಂದೆತಾಯಿಯರು ಆ ಕಟ್ಟಡವನ್ನು ಕುದುರೆ ಲಾಯ ಎಂದು ಕರೆದು, ಮಕ್ಕಳನ್ನು ಕಳಿಸದೆ ಕೋರ್ಟಿಗೆ ಹೋದರು. ರಾಬರ್ಟೋ ಆಲ್ವಾರೆಜ್ ಎಂಬ ಹುಡುಗನ ಹೆಸರಿನಲ್ಲಿ ನಡೆದ ಆ ಮೊಕದ್ದಮೆಯನ್ನು ಗೆದ್ದರು. "ಭಾಷೆ ಬಾರದು" ಎಂಬ ಮಾತನ್ನು ಮನುಷ್ಯರನ್ನು ದೂರ ಇಡಲು ಹೇಗೆ ಬಳಸುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಇದರ ಇನ್ನೊಂದು ಮುಖ ಲಾಸ್ ಏಂಜಲಿಸ್‌ನಲ್ಲಿ ಕಂಡಿತು. 1996ರಲ್ಲಿ ಡೌನ್‌ಟೌನ್‌ನ ನೈಂತ್ ಸ್ಟ್ರೀಟ್ ಶಾಲೆಯ ಹತ್ತಾರು ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದವು. ಹೆಚ್ಚಿನವರು ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಗೆ ಕೆಲಸ ಮಾಡುವ ಬಡ ಲ್ಯಾಟಿನೋ ಜನ. ಅವರ ದೂರು ಏನು ಗೊತ್ತೇ? ನಮ್ಮ ಮಕ್ಕಳಿಗೆ ಸ್ಪ್ಯಾನಿಷಿನಲ್ಲೇ ಪಾಠ ನಡೆಯುತ್ತಿದೆ, ಇಂಗ್ಲಿಷ್ ಕಲಿಸುತ್ತಿಲ್ಲ ಎಂದು! ಅವರಿಗೆ ಸ್ಪ್ಯಾನಿಷ್ ಮೇಲೆ ದ್ವೇಷವಿತ್ತೇ? ಇಲ್ಲ. ಮನೆಯಲ್ಲಿ ಆಡುವುದೇ ಸ್ಪ್ಯಾನಿಷ್. ಮಗ ತನ್ನ ಹಾಗೆ ಹೊಲಿಗೆ ಮೆಷಿನ್ ಮುಂದೆ ಕೂರುವುದು ಬೇಡ ಎಂಬ ಆಸೆ, ಅಷ್ಟೇ. ಆ ಆಸೆಗೆ ಸರಿಯಾದ ಉತ್ತರ ಕೊಡಬೇಕಿದ್ದವರು ಕೊಡಲಿಲ್ಲ. ಆ ಸಿಟ್ಟನ್ನು ಹಿಡಿದುಕೊಂಡು ರಾನ್ ಅನ್ಜ್ ಎಂಬ ಸಾಫ್ಟ್‌ವೇರ್ ಉದ್ಯಮಿ ಒಂದು ಪ್ರಸ್ತಾಪ ತಂದರು. 1998ರ ಜೂನಿನಲ್ಲಿ ಜನರ ಮುಂದೆ ಮತಕ್ಕೆ ಬಂದ 227ನೇ ಪ್ರಸ್ತಾಪ ಶೇಕಡಾ 61ರಷ್ಟು ಮತ ಪಡೆದು ಕಾನೂನಾಯಿತು. ಶಾಲೆಗಳಲ್ಲಿ ಮಾತೃಭಾಷೆಯ ಪಾಠ ಬಹುಮಟ್ಟಿಗೆ ನಿಂತಿತು. ಒಂದು ವರ್ಷ ಇಂಗ್ಲಿಷಿನಲ್ಲಿ ಮುಳುಗಿಸಿ ತೆಗೆದರೆ ಮಗು ಈಜುತ್ತದೆ ಎಂಬ ನಂಬಿಕೆ.

ಹದಿನೆಂಟು ವರ್ಷವಾದ ಮೇಲೆ, 2016ರ ನವೆಂಬರಿನಲ್ಲಿ, ಅದೇ ಕ್ಯಾಲಿಫೋರ್ನಿಯಾದ ಜನ 58ನೇ ಪ್ರಸ್ತಾಪಕ್ಕೆ ಶೇಕಡಾ 73ರಷ್ಟು ಮತ ಹಾಕಿ ಆ ನಿರ್ಬಂಧವನ್ನು ಕಿತ್ತುಹಾಕಿದರು. ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು, ಅದಕ್ಕಾಗಿ ಮನೆಮಾತನ್ನು ಶಾಲೆಯಿಂದ ಓಡಿಸಬೇಕಿಲ್ಲ ಎಂದು ಒಪ್ಪಿಕೊಂಡರು. ಎರಡು ಮತದಾನಗಳ ನಡುವೆ ಒಂದು ತಲೆಮಾರಿನ ಮಕ್ಕಳು ಶಾಲೆ ಮುಗಿಸಿ ಹೊರಬಿದ್ದಿದ್ದರು.

ಈಗ ನಮ್ಮ ನಾಡಿನ ಕಡೆ ತಿರುಗೋಣ. ಹೊಲಿಗೆ ಕೆಲಸದ ಆ ತಾಯಿಯಲ್ಲಿ ತಿಪಟೂರಿನ ನನ್ನ ನಾದಿನಿಯ ಮುಖ ಕಾಣುತ್ತಿಲ್ಲವೇ? ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಆಗ ನಮ್ಮಲ್ಲಿ ಅನೇಕರು ವಿರೋಧಿಸಿದರು, ನಾನೂ ವಿರೋಧಿಸಿದ್ದೆ. ಬಂದ ಮೇಲೆ ಅದನ್ನು ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟ್, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಒತ್ತಾಯದಿಂದ ಹೇರುವಂತಿಲ್ಲ ಎಂದಿತು. ನಾವು ಒಂದು ವಾರ ಸಿಟ್ಟಿನ ಮೇಲ್‌ಗಳನ್ನು ಬರೆದೆವು. 2019ರಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಿತು. ಮತ್ತೆ ಮೇಲ್‌ಗಳು. ಅಷ್ಟು ಹೊತ್ತಿಗೆ ತಂದೆತಾಯಿಯರು ತಮ್ಮ ಕಾಲಲ್ಲೇ ಮತ ಹಾಕಿ ಕಾನ್ವೆಂಟಿನ ವ್ಯಾನು ಹತ್ತಿಸಿ ಆಗಿತ್ತು.

ನಾವು ಎಲ್ಲಿ ತಪ್ಪಿದೆವು? ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಜನ ಕೇಳಿದ್ದು ಮೊದಲನೆಯದನ್ನು. ಖಾಸಗಿ ಶಾಲೆಗಳು ಎರಡನೆಯದನ್ನು ತೋರಿಸಿ, ಇದೇ ಅದು ಎಂದು ಮಾರಿದವು. ನಾವು ಎರಡನೆಯದನ್ನು ಬೈಯುವ ಭರದಲ್ಲಿ ಮೊದಲನೆಯದನ್ನು ಕೊಡಿಸುವ ಹೊಣೆಯನ್ನು ಮರೆತೆವು. ಹೀಗೆ ಕನ್ನಡ ಶಾಲೆ ಎಂದರೆ ಇಂಗ್ಲಿಷ್ ಬಾರದ ಶಾಲೆ ಎಂದಾಯಿತು. ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ಪೆಟ್ಟನ್ನು ಯಾವ ಶತ್ರುವೂ ಕೊಟ್ಟಿಲ್ಲ.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಬಿ.ಎಂ.ಶ್ರೀ ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಮೇಷ್ಟ್ರು. ಅನಂತಮೂರ್ತಿಯವರೂ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷನ್ನು ಚೆನ್ನಾಗಿ ಕಲಿತು, ಕಲಿಸಿ, ಕನ್ನಡವನ್ನು ಬೆಳೆಸಿದವರು. ಕಲಿಸುವ ದಾರಿಗೂ ಸ್ಯಾನ್ ಡಿಯಾಗೋಗೇ ಬರಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ "ನಲಿ ಕಲಿ" ಮಕ್ಕಳನ್ನು ಅವರವರ ವೇಗದಲ್ಲಿ, ಹಾಡಿಕೊಂಡು ಮಾತಾಡಿಕೊಂಡು ಕಲಿಯಲು ಬಿಟ್ಟ ಪದ್ಧತಿ. ದಾರಿ ನಮ್ಮಲ್ಲೇ ಇದೆ. ಅದೇ ದಾರಿಯಲ್ಲಿ ಇಂಗ್ಲಿಷನ್ನೂ ಬಾಯಿಗೆ ತರಿಸಿ ಎಂದು ಒತ್ತಾಯಿಸಬೇಕಾದವರು ಕನ್ನಡದವರೇ.

ಹಾಗಾಗಿ ಗೆಳೆಯರೇ, ಈ ಬಳಗದ ಮುಂದೆ ಮೂರು ಕೆಲಸಗಳನ್ನು ಇಡುತ್ತಿದ್ದೇನೆ.

ಒಂದು. ಊರಿಗೆ ಹೋದಾಗ ನಿಮ್ಮ ಹಳ್ಳಿಯ ಕನ್ನಡ ಶಾಲೆಗೆ ಹೋಗಿ. ಕಂಪ್ಯೂಟರ್ ದಾನ ಮಾಡಿ ಫೋಟೋ ತೆಗೆಸಿಕೊಂಡು ಬರಬೇಡಿ. ಒಂದು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಮಕ್ಕಳು ಎಷ್ಟು ಸಲ ಬಾಯಿ ತೆರೆದರು ಎಂದು ಎಣಿಸಿ. ಮೇಷ್ಟ್ರು ಒಪ್ಪಿದರೆ ವಾರಕ್ಕೊಮ್ಮೆ ಇಲ್ಲಿಂದ ವಿಡಿಯೋ ಕರೆ ಮಾಡಿ ಮಕ್ಕಳ ಜೊತೆ ಮಾತಾಡಿ.

ಎರಡು. ದಿನಬಳಕೆಯ ಪದಗಳ ಒಂದು ಚಿತ್ರಕೋಶ. ಆ ತರಗತಿಯಲ್ಲಿ ಸ್ಪ್ಯಾನಿಷ್, ಚೈನೀಸ್, ವಿಯೆಟ್ನಾಮೀಸ್ ಭಾಷೆಗಳ ಜೊತೆಗೆ ಇಂಗ್ಲಿಷ್ ಇರುವ ಚಿತ್ರಕೋಶಗಳಿದ್ದವು. ಕನ್ನಡದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಕಿಟೆಲ್ 1894ರಲ್ಲೇ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಭಾಷೆ ನಮ್ಮದು. ಆಸ್ಪತ್ರೆ, ಅಂಗಡಿ, ಬ್ಯಾಂಕು, ಶಾಲೆಯ ಪದಗಳಿಗೆ ಒಂದು ಚಿಕ್ಕ ಪುಸ್ತಕ ಮಾಡಲಾರೆವೇ? ಮನೆಯಾಕೆಯ ಮೂರು ಕಾಲಮ್ಮಿನ ನೋಟ್‌ಬುಕ್ ಸ್ಕ್ಯಾನ್ ಮಾಡಿ ಕೊಡಲು ನಾನು ತಯಾರು. ಅವಳೂ ಒಪ್ಪಿದ್ದಾಳೆ.

ಮೂರು. ಕಲಿಯುವ ತನಕ ಮೂಕರಾಗಿ ಇರಬೇಕಿಲ್ಲ. ಆರೋಗ್ಯ ವಿಮಾ ಕಂಪನಿಗಳು ಚಂದಾದಾರರಿಗೆ ಉಚಿತವಾಗಿ ದುಭಾಷಿಗಳನ್ನು ಒದಗಿಸಬೇಕೆಂದು ಕ್ಯಾಲಿಫೋರ್ನಿಯಾ 2003ರಲ್ಲಿ ಕಾನೂನು ಮಾಡಿತು, 2009ರಿಂದ ಅದು ಜಾರಿಯಲ್ಲಿದೆ. ನಿಮ್ಮ ತಾಯಿಯವರಿಗೆ, ಅತ್ತೆಯವರಿಗೆ ಒಂದೇ ಒಂದು ವಾಕ್ಯ ಕಲಿಸಿ: "ಐ ನೀಡ್ ಎ ಕನ್ನಡ ಇಂಟರ್ಪ್ರಿಟರ್, ಪ್ಲೀಸ್." ಆ ಕಡೆಯವರು ಕೆನಡಾ ಎಂದು ಕೇಳಿಸಿಕೊಂಡರೆ ಕೆ ಎ ಡಬಲ್ ಎನ್ ಎಂದು ಅಕ್ಷರ ಬಿಡಿಸಿ ಹೇಳಲಿ. ಕೇಳುವವರೇ ಇಲ್ಲದಿದ್ದರೆ ನಮ್ಮ ಭಾಷೆ ಅವರ ಪಟ್ಟಿಯಲ್ಲಿ ಉಳಿಯುವುದಾದರೂ ಹೇಗೆ?

ಕೊನೆಗೆ, ಆ ಭಾನುವಾರದ ಫೋನು. ನನ್ನಾಕೆ ತಂಗಿಗೆ ಹೇಳಿದ್ದು ಇಷ್ಟು: "ಎರಡೂ ಶಾಲೆಗೆ ಹೋಗಿ ಒಂದೊಂದು ದಿನ ಕೂತ್ಕೊಂಡು ಬಾ. ಮಕ್ಕಳು ಮಾತಾಡ್ತಾರೋ, ಬೋರ್ಡ್ ಮೇಲಿನದ್ದು ಕಾಪಿ ಮಾಡ್ಕೋತಾರೋ ನೋಡು. ತಪ್ಪು ಮಾಡಿದ ಮಗೂನ ಮೇಷ್ಟ್ರು ಏನಂತಾರೆ, ಅದನ್ನೂ ನೋಡು." ನಾದಿನಿ ನಿಜವಾಗಿಯೂ ಹೋಗಿ ನೋಡಿದಳು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎರಡು ಕಡೆಯೂ ಕಾಪಿ ಮಾಡುವುದೇ ಅಂತೆ. ಆದರೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಮಕ್ಕಳು ಮೇಷ್ಟ್ರಿಗೇ ಪ್ರಶ್ನೆ ಕೇಳುತ್ತಿದ್ದರಂತೆ. ಮಗಳನ್ನು ಅಲ್ಲೇ ಸೇರಿಸಿದಳು. ಈಗ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಅರ್ಧ ಗಂಟೆ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಮೊನ್ನೆಯ ಪಾಠ ತರಕಾರಿ. "ದೊಡ್ಡಮ್ಮ, ಬದನೆಕಾಯಿಗೆ ಎರಡು ಹೆಸರು ಯಾಕೆ?" ಎಂದು ಮಗು ಕೇಳುತ್ತಿತ್ತು.

ಈ ಪ್ರಯೋಗ ಸೋತರೆ ಬೈಯುವ ಹಕ್ಕು ನಾದಿನಿಗಿದೆ. ನಿಮಗೂ ಇದೆ. ನಿಮ್ಮ ಮನೆಯ ಕಥೆಗಳನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಹಾಕೋಣ. ಚಿತ್ರಕೋಶಕ್ಕೆ ಕೈ ಜೋಡಿಸುವವರು ಯಾವ ಪದಗಳಿಂದ ಶುರು ಮಾಡಬೇಕೆಂದೂ ತಿಳಿಸಿ.

ಸಿರಿಗನ್ನಡಂ ಗೆಲ್ಗೆ!